ನೂರ ಹದಿನೆಂಟಕ್ಕೆ ಬಂದ ಸದ್ದು

ನನ್ನ ಕಿವಿಯ ಬಗ್ಗೆ ನನಗೆ ಸ್ವಲ್ಪ ಜಂಬ ಜಾಸ್ತಿಯೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡರೆ ಸಾಕು, ಯಾವ ಬೇರಿಂಗ್ ಸವೆದಿದೆ ಎಂದು ಬಿಚ್ಚದೆಯೇ ಹೇಳಬಲ್ಲೆ. ಸದ್ದು ಮಾಡದ ಗಾಡಿಗೆ ರೋಗವಿಲ್ಲ ಎನ್ನುವುದು ನನ್ನ ಸಿದ್ಧಾಂತ. ಅದನ್ನೇ ಮೈಗೂ ಅನ್ವಯಿಸಿ ಮೂರು ತಿಂಗಳಿಂದ ಬಿಪಿ ಮಾತ್ರೆ ನಿಲ್ಲಿಸಿದ್ದೆ. ತಲೆನೋವಿಲ್ಲ, ತಲೆಸುತ್ತಿಲ್ಲ, ಮಾತ್ರೆ ಯಾಕೆ? ಮನೆಯಲ್ಲಿ ಮಾತ್ರ ದಿನಾ ನುಂಗುತ್ತಿದ್ದೇನೆ ಎಂದು ರೈಲು ಬಿಟ್ಟಿದ್ದೆ.

ನರ್ಸಿಂಗ್ ಓದುತ್ತಿರುವ ಮಗಳು ಬೆಳಿಗ್ಗೆ ಗ್ಯಾರೇಜಿಗೇ ಬಂದು, ಬೆಂಚಿನ ಮೇಲೆ ಕೂರಿಸಿ ಬಿಪಿ ನೋಡಿದಳು. ನೂರ ಎಪ್ಪತ್ತೆರಡು, ನೂರ ಆರು. ಐದು ನಿಮಿಷ ಸುಮ್ಮನಿರಿಸಿ ಮತ್ತೆ ನೋಡಿದಳು. ಹೆಚ್ಚುಕಮ್ಮಿ ಅಷ್ಟೇ. ಅವಳ ಮುಖ ಸಪ್ಪಗಾಯಿತು.

"ಮಾತ್ರೆ ನಾಟ್ತಾ ಇಲ್ಲ ಅಪ್ಪ. ನಾಳೆ ಡಾಕ್ಟರ್ ಹತ್ರ ಹೋಗೋಣ. ಇನ್ನೊಂದು ಸೇರಿಸ್ಬೇಕೇನೋ."

"ನಿನ್ನ ಮೀಟರೇ ಕೆಟ್ಟಿದೆ ಕಣೆ. ನಿನ್ನ ಮಾವನಿಗೆ ಹಾಕಿ ನೋಡು, ಮುಳ್ಳು ಮುರಿದೇ ಹೋಗುತ್ತೆ."

ಅವಳ ಮಾವ ಎಂದರೆ ನನ್ನ ಭಾವಮೈದುನ, ಗ್ಯಾರೇಜಿನ ಪಾಲುದಾರ. ನನ್ನದೇ ವಯಸ್ಸು, ನಲವತ್ತೊಂಬತ್ತು. ಹೊಟ್ಟೆ ಮಾತ್ರ ನನ್ನದರ ಒಂದೂವರೆ ಪಟ್ಟು. ನಾಲ್ಕು ವರ್ಷದಿಂದ ಒಂದು ದಿನವೂ ತಪ್ಪಿಸದೆ ಬಿಪಿ ಮಾತ್ರೆ ನುಂಗುತ್ತಾನೆ, ಉಪ್ಪು ಕಡಿಮೆ ಮಾಡಿದ್ದಾನೆ, ಸಂಜೆ ನಡೆಯುತ್ತಾನೆ. 'ಗುಳಿಗೆ ಸಾಹೇಬ' ಎಂದು ಅವನಿಗೆ ಹೆಸರಿಟ್ಟವನೇ ನಾನು.

"ಈ ಸಲ ನೀನೇ ಕೇಳು," ಎಂದು ಮಗಳು ಸ್ಟೆತಸ್ಕೋಪನ್ನು ನನ್ನ ಕಿವಿಗೆ ಸಿಕ್ಕಿಸಿದಳು. ಮೊದಲು ನನ್ನದೇ ತೋಳು. ತೋಳಿಗೆ ಸುತ್ತಿದ ಪಟ್ಟಿ ಗಾಳಿ ತುಂಬಿ ಬಿಗಿದಿದ್ದಾಗ ಏನೂ ಇಲ್ಲ. ಗಾಳಿ ಬಿಟ್ಟು ಮುಳ್ಳು ನೂರ ಎಪ್ಪತ್ತಕ್ಕೆ ಇಳಿಯುವಷ್ಟರಲ್ಲೇ ಟಪ್, ಟಪ್, ಟಪ್.

"ಅಷ್ಟು ಬಿಗಿ ಇದ್ರೂ ರಕ್ತ ನುಗ್ಗಿ ಬರ್ತಿದೆ ನೋಡು," ಎಂದಳು.

ಆಮೇಲೆ ಪಕ್ಕದಲ್ಲೇ ಇದ್ದ ಭಾವಮೈದುನನ ತೋಳು. ನೂರ ಎಪ್ಪತ್ತಕ್ಕೆ ಸದ್ದಿಲ್ಲ. ನೂರ ಐವತ್ತಕ್ಕಿಲ್ಲ. ನೂರ ಮೂವತ್ತಕ್ಕೂ ಇಲ್ಲ. ಮನುಷ್ಯ ಬದುಕಿದ್ದಾನೋ ಎಂದು ಅವನ ಮುಖ ನೋಡಿದೆ, ಆಕಳಿಸುತ್ತಿದ್ದ. ನೂರ ಹದಿನೆಂಟಕ್ಕೆ, ಯಾವ ಅವಸರವೂ ಇಲ್ಲದೆ, ಟಪ್. ಎಪ್ಪತ್ತಾರಕ್ಕೆ ಮೆಲ್ಲಗೆ ಕರಗಿಹೋಯಿತು.

ನನ್ನ ಮೈ ಜುಂ ಎಂದಿತು. ಇಷ್ಟೇ ಇಷ್ಟು ಒತ್ತಡದಲ್ಲಿ ಆ ದೊಡ್ಡ ದೇಹದ ನೆತ್ತಿಗೂ ಉಗುರಿಗೂ ರಕ್ತ ಮುಟ್ಟುತ್ತಿದೆ. ಎಂಥ ಕೆಲಸಗಾರಿಕೆ! ಮೂವತ್ತು ವರ್ಷ ಇಂಜಿನ್ನುಗಳ ಜೊತೆ ಕಳೆದವನು ನಾನು, ಇಂಥದ್ದನ್ನು ಎಂದೂ ಕೇಳಿರಲಿಲ್ಲ.

"ದಿನಕ್ಕೆ ಎಷ್ಟು ಸಲ ಬಡ್ಕೊಳ್ಳುತ್ತೆ ಇದು?"

"ಲಕ್ಷದ ಹತ್ರ ಹತ್ರ."

ಸ್ಟೆತಸ್ಕೋಪಿನ ಬಿಲ್ಲೆಯನ್ನು ನನ್ನ ಎದೆಗೆ ಇಟ್ಟುಕೊಂಡೆ. ದುಡಿಯುತ್ತಲೇ ಇತ್ತು. ನಾನು ಸುಳ್ಳು ಹೇಳಿದ ಮೂರು ತಿಂಗಳೂ, ದಿನಕ್ಕೆ ಲಕ್ಷ ಸಲ, ಬೇಕಾದ್ದಕ್ಕಿಂತ ಅಷ್ಟೊಂದು ಜಾಸ್ತಿ ನೂಕುತ್ತಾ, ಒಂದು ಮಾತೂ ದೂರದೆ. ಗಾಡಿಯನ್ನು ಹೀಗೆ ಓಡಿಸಿಕೊಂಡು ಬಂದವರಿಗೆ ನಾನು ಬಾಯಿಗೆ ಬಂದಂತೆ ಬೈದಿದ್ದೇನೆ.

"ಮಾತ್ರೆ ನಾಟದೆ ಇರೋದಲ್ಲ ಮಗಳೇ," ಎಂದೆ. "ನಾನೇ ನುಂಗ್ತಿಲ್ಲ. ಮೂರು ತಿಂಗಳಾಯ್ತು."

ಭಾವಮೈದುನ ನಗುತ್ತಾನೆಂದುಕೊಂಡೆ, ನಗಲಿಲ್ಲ. ಮಗಳು ಬೈಯಲೂ ಇಲ್ಲ.

"ನಾಳೆ ಡಾಕ್ಟರಿಗೂ ಇದನ್ನೇ ಹೇಳು ಅಪ್ಪ," ಎಂದಷ್ಟೇ ಹೇಳಿ ಪಟ್ಟಿ ಸುತ್ತಿಡತೊಡಗಿದಳು.