ಶಾಹಿದಾಳ ಟೊಪ್ಪಿಯ ನೀರಿನ ಗೆರೆಗಳು

ಪುತ್ತಿಗೆಯ ಪ್ರಭಾವತಿ ಟೀಚರ್ ಹೆಣೆದ ಟೊಪ್ಪಿ ಹಾಕದೆ ದೊಡ್ಡದಾದ ಮಕ್ಕಳು ಆ ಊರಲ್ಲಿ ಕಡಿಮೆ. ನಮ್ಮ ಕಡೆ ಚಳಿ ಎಂದರೆ ಡಿಸೆಂಬರಿನಲ್ಲಿ ನಾಲ್ಕು ದಿನ. ಆದರೂ ಹುಟ್ಟಿದ ಕೂಸಿನ ತಲೆಗೆ ಉಣ್ಣೆಯ ಟೊಪ್ಪಿ ಬೇಕೇ ಬೇಕು, ಅದು ಟೀಚರ ಕೈಯದ್ದೇ ಆಗಬೇಕು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕ್ರಾಫ್ಟ್ ಕಲಿಸಿ ನಿವೃತ್ತರಾದ ಮೇಲೂ ಅವರ ಕಡ್ಡಿಗಳಿಗೆ ಬಿಡುವಿರಲಿಲ್ಲ. ಆದರೆ ಕೂಸಿನ ಟೊಪ್ಪಿ ಎಂಬುದು ಅಂಗೈಯಷ್ಟು ಕೆಲಸ. ಒಂದೇ ಬಣ್ಣ, ಹೆಚ್ಚೆಂದರೆ ಅಂಚಿಗೊಂದು ಪಟ್ಟಿ. ತನಗೆ ಗೊತ್ತಿರುವ ವಿದ್ಯೆಯಲ್ಲಿ ಕಾಲು ಭಾಗವನ್ನೂ ಯಾರೂ ಕೇಳಲಿಲ್ಲವಲ್ಲ ಎಂಬ ಕೊರಗು ಟೀಚರಿಗೆ ಒಳಗೊಳಗೇ ಇತ್ತು.

ಮಾರ್ಚ್ ತಿಂಗಳ ಒಂದು ಭಾನುವಾರ ಹಳೆಯ ಶಿಷ್ಯೆ ಶ್ರೀಲಕ್ಷ್ಮಿ ಬಂದಳು. ಅವಳೀಗ ಮಡಂತ್ಯಾರಿನ ಒಂದು ಕಾಲೇಜಿನಲ್ಲಿ ವ್ಯಾಯಾಮ ಕಲಿಸುತ್ತಾಳೆ.

"ಟೀಚರ್, ಮೇ ತಿಂಗಳಲ್ಲಿ ಏಳು ಹುಡುಗಿಯರನ್ನು ಹಿಮಾಚಲಕ್ಕೆ ಕರ್ಕೊಂಡು ಹೋಗ್ತೇನೆ. ಹದಿನಾಲ್ಕು ಸಾವಿರ ಅಡಿ ಮೇಲೆ ಒಂದು ಹಿಮದ ಕಣಿವೆದಾರಿ ದಾಟುವುದು. ಇವರಲ್ಲಿ ಒಬ್ಬಳೂ ಚಾರ್ಮಾಡಿ ಘಾಟಿಗಿಂತ ಎತ್ತರ ಹತ್ತಿದವಳಲ್ಲ. ಏಳು ಟೊಪ್ಪಿ ಮಾಡಿ ಕೊಡ್ತೀರಾ?"

"ಏಳೂ ಒಂದೇ ತರದ್ದಾ?"

"ಹೌದು ಟೀಚರ್, ತಂಡ ಅಲ್ವಾ."

"ಹಾಗಾದ್ರೆ ಅಂಗಡಿಯಿಂದ ತೆಗೊ. ನನ್ನ ಕೈಯಲ್ಲಿ ಮಾಡಿಸುವುದಾದ್ರೆ ಏಳು ಹುಡುಗಿಯರಿಗೆ ಏಳು ಚಿತ್ತಾರ. ಯಾರಿಗೆ ಎಂತ ಬೇಕು ಅಂತ ಬರೆಸಿಕೊಂಡು ಬಾ."

ಮರುವಾರ ಏಳು ಚೀಟಿಗಳು ಬಂದವು. ಐದರಲ್ಲಿ ಹುಡುಗಿಯರು ತಮ್ಮ ತಮ್ಮ ಹೆಸರನ್ನೇ ಇಂಗ್ಲಿಷಿನಲ್ಲಿ ಬರೆದಿದ್ದರು. ಟೀಚರ್ ಆ ಐದನ್ನೂ ವಾಪಸು ಕಳಿಸಿದರು. "ಹೆಸರು ಆಧಾರ್ ಕಾರ್ಡಿನಲ್ಲಿ ಉಂಟಲ್ಲ. ನಿಮ್ಮ ಊರಲ್ಲಿ ಕಣ್ಣು ಮುಚ್ಚಿದ್ರೂ ಕಾಣುವಂಥದ್ದು ಒಂದು ಹೇಳಿ" ಎಂದು ಶ್ರೀಲಕ್ಷ್ಮಿಯ ಫೋನಿನಲ್ಲಿ ಅವರಿಗೆಲ್ಲ ಧ್ವನಿ ಸಂದೇಶವನ್ನೂ ಕಳಿಸಿದರು.

ಆಮೇಲೆ ಬಂದ ಚೀಟಿಗಳು ಟೀಚರಿಗೆ ಹಿಡಿಸಿದವು. ಮೂಡುಬಿದಿರೆಯ ಅನಿಷಾ ಬಸದಿಯ ಕಂಬ ಕೇಳಿದ್ದಳು. ಅನ್ವಿತಾಳಿಗೆ ಕಾಳುಮೆಣಸಿನ ಬಳ್ಳಿ. ಇನ್ನೊಬ್ಬಳಿಗೆ ದಿನಾ ಬೆಳಿಗ್ಗೆ ತಪ್ಪಿಹೋಗುವ ಬಸ್ಸು. ಟೀಚರ್ ಚೌಕುಳಿ ಪುಸ್ತಕ ತೆರೆದು ಒಂದೊಂದು ಚೌಕಕ್ಕೆ ಹೆಣಿಗೆಯ ಒಂದೊಂದು ಕುಣಿಕೆಯಂತೆ ಬಣ್ಣದ ಪೆನ್ಸಿಲಿನಲ್ಲಿ ತುಂಬುತ್ತ ಹೋದರು. ಟೊಪ್ಪಿಯ ಸುತ್ತಳತೆಗೆ ತೊಂಬತ್ತಾರು ಕುಣಿಕೆ. ಹನ್ನೆರಡರ ಅಗಲದ ಕಂಬವಾದರೆ ಎಂಟು ಕೂರುತ್ತವೆ. ಬಸದಿಯಲ್ಲಿ ಒಂದು ಕಂಬದ ಹಾಗೆ ಇನ್ನೊಂದಿಲ್ಲ ಎನ್ನುತ್ತಾರೆ, ಹಾಗಾಗಿ ಟೊಪ್ಪಿಯ ಎಂಟು ಕಂಬಗಳನ್ನೂ ಎಂಟು ತರ ಮಾಡಿದರು. ಟೀಚರ ಮನೆಗೆ ಬಂದು ಅದನ್ನು ಕಂಡ ಅನಿಷಾ ಕಿರುಚಿದ್ದು ಪಕ್ಕದ ಮನೆಗೂ ಕೇಳಿತು. ಟೀಚರ ಗಂಡ ರವಿರಾಜರು ಮಾತ್ರ ಅಳತೆಗೆಂದು ಪ್ರತಿ ಟೊಪ್ಪಿಯನ್ನೂ ತಲೆಗೇರಿಸಿಕೊಂಡು, "ಹಿಮಾಲಯ ಅವರಿಗೆ, ಬೆವರು ನನಗೆ" ಎನ್ನುತ್ತಿದ್ದರು.

ಏಳನೆಯ ಚೀಟಿ ಬಂಟ್ವಾಳದ ಶಾಹಿದಾಳದ್ದು. ಅದರಲ್ಲಿ ಒಂದೇ ಪದ: ದೋಣಿ.

ಬಿಳಿಯ ಮೇಲೆ ನೀಲಿ ದೋಣಿ. ಟೀಚರಿಗೆ ಇದು ಸುಲಭದ ಕೆಲಸ ಎನಿಸಿತು. ಹದಿನೇಳು ಕುಣಿಕೆ ಅಗಲದ ದೋಣಿ, ನಡುವೆ ಏಳು ಕುಣಿಕೆ ಖಾಲಿ, ಸುತ್ತಿಗೆ ನಾಲ್ಕು ದೋಣಿ. ಹೆಣೆದು ಮುಗಿಸಿ, ಏಪ್ರಿಲಿನ ಒಂದು ಶನಿವಾರ ಶಾಹಿದಾಳನ್ನು ಮನೆಗೆ ಕರೆಸಿಕೊಂಡರು.

ಹುಡುಗಿ ತಲೆವಸ್ತ್ರದ ಮೇಲೆ ಟೊಪ್ಪಿ ಇಟ್ಟು ಎರಡೂ ಕೈಯಿಂದ ಕೆಳಗೆ ಎಳೆದಳು. ಅದು ಹಣೆಯ ಮೇಲೆ ನಿಂತಿತೇ ಹೊರತು ಕಿವಿಗೆ ಇಳಿಯಲಿಲ್ಲ.

"ಚಂದ ಉಂಟು ಟೀಚರ್" ಎಂದಳು.

"ಸುಳ್ಳು ಹೇಳ್ಬೇಡ. ಕಿವಿ ಹೊರಗೆ ಉಂಟು."

"ಇಲ್ಲ ಟೀಚರ್, ನಾನು ಸ್ವಲ್ಪ ಎಳೆದು ಹಾಕ್ಕೊಳ್ತೇನೆ. ನೀವು ಇಷ್ಟು ಕಷ್ಟ ಪಟ್ಟು ಮಾಡಿದ್ದಲ್ವಾ."

ಟೀಚರ್ ಟೊಪ್ಪಿಯನ್ನು ತೆಗೆದು ಒಳಗು ಹೊರಗು ಮಾಡಿದರು. ತಪ್ಪು ಎರಡಿತ್ತು. ತಲೆವಸ್ತ್ರದ ದಪ್ಪವನ್ನು ಅವರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಲ್ಲದೆ, ಖಾಲಿ ಬಿಟ್ಟ ಕಡೆಯಲ್ಲೆಲ್ಲ ನೀಲಿ ನೂಲು ಹಿಂಬದಿಯಲ್ಲಿ ಏಳು ಕುಣಿಕೆಯಷ್ಟು ದೂರ ಹಾದು ಬಿಗಿದುಕೊಂಡಿತ್ತು. ಟೊಪ್ಪಿ ಹಿಗ್ಗುವುದಾದರೂ ಹೇಗೆ? ತರಗತಿಯಲ್ಲಿ ಮಕ್ಕಳು ಹೀಗೆ ಮಾಡಿದ್ದರೆ ಟೀಚರ್ ಬಿಡುತ್ತಿರಲಿಲ್ಲ. ಇನ್ನೂ ಒಂದು ಮಾತಿತ್ತು, ಅದನ್ನು ಶಾಹಿದಾಳಿಂದ ಒತ್ತಾಯ ಮಾಡಿ ಹೊರಡಿಸಬೇಕಾಯಿತು.

"ದೋಣಿ ಸ್ವಲ್ಪ... ಬಚ್ಚಂಗಾಯಿ ತುಂಡಿನ ಹಾಗೆ ಕಾಣ್ತದೆ ಟೀಚರ್."

ತನ್ನ ದೋಣಿ ಕಲ್ಲಂಗಡಿಯಾದದ್ದಕ್ಕೆ ಟೀಚರಿಗೆ ನಗು ಬಂತು, ಅದರ ಹಿಂದೆಯೇ ಅವಮಾನವೂ ಆಯಿತು. ಅವಳೆದುರೇ ನೂಲಿನ ತುದಿ ಹುಡುಕಿ ಟೊಪ್ಪಿಯನ್ನು ಪೂರ್ತಿ ಬಿಚ್ಚಿದರು. ಹುಡುಗಿ "ಅಯ್ಯೋ ಬೇಡ" ಎನ್ನುತ್ತಲೇ ಇದ್ದಳು.

"ನಾನು ನಿಮ್ಮ ದೋಣಿ ನೋಡದೆ ದೋಣಿ ಮಾಡ್ಲಿಕ್ಕೆ ಹೋದದ್ದು ತಪ್ಪು. ನಾಳೆ ನಿಮ್ಮಲ್ಲಿಗೆ ಬರ್ತೇನೆ."

ಮರುದಿನ ಮೂಡುಬಿದಿರೆಯಿಂದ ಸಿದ್ಧಕಟ್ಟೆ ಮಾರ್ಗದ ಬಸ್ಸು ಹಿಡಿದು ಟೀಚರ್ ಬಂಟ್ವಾಳ ಪೇಟೆಯಲ್ಲಿ ಇಳಿದರು. ಹೊಳೆಯ ಬದಿಯಲ್ಲಿ ಶಾಹಿದಾಳ ಮನೆ. ಅಪ್ಪ ಮೂಸಬ್ಬ ಹೊರಗೆ ಬಂದು ಕುರ್ಚಿ ಹಾಕಿದರು. ಮಗಳ ಟೊಪ್ಪಿಗಾಗಿ ಟೀಚರು ಅಷ್ಟು ದೂರದಿಂದ ಬಂದದ್ದು ಅವರಿಗೆ ನಂಬಲಿಕ್ಕೇ ಆಗಿರಲಿಲ್ಲ. ದೋಣಿ ಹಿತ್ತಲಲ್ಲಿ ಮಗುಚಿ ಬಿದ್ದಿತ್ತು, ಕಪ್ಪು ಡಾಂಬರು ಬಳಿದದ್ದು.

"ಇದರಲ್ಲಿ ನೋಡ್ಲಿಕ್ಕೆ ಎಂತ ಉಂಟು ಟೀಚರೇ?" ಎಂದರು ಮೂಸಬ್ಬ. "ನೆರೆ ಬಂದಾಗ ಜನರನ್ನು ಇದರಲ್ಲಿ ಆಚೆ ದಾಟಿಸುವುದು. ಬೇರೆ ದಿನ ಹೀಗೆ ಮಲಗಿರ್ತದೆ. ನಮ್ಮ ಮನೆಯಲ್ಲಿ ನೋಡುವಂಥದ್ದು ಒಳಗೆ ಉಂಟು, ಬನ್ನಿ."

ಒಳಗಿನ ಗೋಡೆಯ ಮೇಲೆ ಅಡ್ಡಡ್ಡ ಗೆರೆಗಳಿದ್ದವು. ಒಂದು ಮಸಿಯದ್ದು, ಒಂದು ಸುಣ್ಣದ್ದು, ಇನ್ನು ಕೆಲವು ಬಾಗಿಲಿಗೆ ಬಳಿದು ಉಳಿದ ನೀಲಿ ಬಣ್ಣದ್ದು. ನೇತ್ರಾವತಿ ಹೊಳೆ ಮನೆಯೊಳಗೆ ಬಂದು ಹೋದ ಪ್ರತಿ ಸಲ ನೀರು ನಿಂತ ಮಟ್ಟಕ್ಕೆ ಒಂದು ಗೆರೆ. ಮೂಸಬ್ಬರ ತಂದೆಯ ಕಾಲದಿಂದ ಎಳೆದವು. ಒಟ್ಟು ಆರು. ಎಲ್ಲಕ್ಕಿಂತ ಮೇಲಿನದು ಶಾಹಿದಾಳ ತಲೆಗಿಂತ ಒಂದು ಗೇಣು ಎತ್ತರದಲ್ಲಿತ್ತು.

"ಸಣ್ಣವಳಿರುವಾಗ ಇವಳು ದಿನಾ ಇಲ್ಲಿ ನಿಂತು ಅಳತೆ ನೋಡುವುದು" ಎಂದರು ಮೂಸಬ್ಬ. "ಈ ಗೆರೆ ದಾಟ್ತೇನೆ, ಆ ಗೆರೆ ದಾಟ್ತೇನೆ ಅಂತ. ಮೇಲಿನದು ದಾಟ್ಲಿಕ್ಕೆ ಆಗ್ಲೇ ಇಲ್ಲ. ಈಗ ಎಷ್ಟೋ ಸಾವಿರ ಅಡಿಗೆ ಹೋಗ್ತಾಳಂತೆ."

ಶಾಹಿದಾ ನಾಚಿ ಒಳಗೆ ಹೋದಳು. ಟೀಚರ್ ಗೆರೆಗಳ ನಡುವಿನ ಅಂತರವನ್ನು ಗೇಣಿನಿಂದ ಅಳೆದು, ಅಲ್ಲೇ ನೆಲದ ಮೇಲೆ ಕುಳಿತು ಚೌಕುಳಿ ಪುಸ್ತಕ ತೆಗೆದು ಬರೆದುಕೊಂಡರು. ಅವರ ತಲೆಯೊಳಗೆ ಲೆಕ್ಕ ಆಗಲೇ ಓಡುತ್ತಿತ್ತು. ಈ ಸಲ ನೂರೆಂಟು ಕುಣಿಕೆ. ನಾಲ್ಕು ಕುಣಿಕೆಗೊಮ್ಮೆ ಏರಿ ಇಳಿಯುವ ಅಲೆ; ನೂರೆಂಟಕ್ಕೆ ಇಪ್ಪತ್ತೇಳು ಅಲೆಗಳು ಸರಿಯಾಗಿ ಕೂರುತ್ತವೆ. ಹಿಂಬದಿಯ ನೂಲು ಎಲ್ಲಿಯೂ ಮೂರು ಕುಣಿಕೆಗಿಂತ ದೂರ ಹಾಯುವುದಿಲ್ಲ, ಟೊಪ್ಪಿ ಎಳೆದಷ್ಟು ಹಿಗ್ಗುತ್ತದೆ.

ಹನ್ನೊಂದು ದಿನ ಹಿಡಿಯಿತು. ಆರು ಅಲೆ ಸಾಲುಗಳು, ಗೋಡೆಯ ಮೇಲಿದ್ದ ಅಂತರದ ಲೆಕ್ಕದಲ್ಲೇ, ಕಿರಿದಾಗಿ. ಕೆಳಗೆ ಕಡುನೀಲಿ, ಮೇಲೇರುತ್ತ ತಿಳಿಯಾಗಿ, ಆರನೆಯದು ಬೂದು. ಅದರ ಮೇಲೆ ನೆತ್ತಿಯವರೆಗೆ ಬರಿಯ ಬಿಳಿ. ಕೊನೆಗೆ ಸೂಜಿಯಲ್ಲಿ ಕಪ್ಪು ನೂಲು ಪೋಣಿಸಿ, ಮೇಲಿನ ಅಲೆಯ ಮೇಲೆ ಒಂದೇ ಒಂದು ದೋಣಿಯ ಕಸೂತಿ ಹಾಕಿದರು. ಉಗುರಿನಷ್ಟು ಸಣ್ಣದು, ಆದರೆ ಈ ಸಲ ಯಾರು ನೋಡಿದರೂ ದೋಣಿಯೇ. ಶಾಹಿದಾ ಅದನ್ನು ಹಾಕಿಕೊಂಡಾಗ ಕಿವಿ ಪೂರ್ತಿ ಮುಚ್ಚಿತು. ಈ ಸಲ ಅವಳು ಚಂದ ಉಂಟೆನ್ನಲಿಲ್ಲ. ಗೆರೆಗಳನ್ನು ಬೆರಳಿನಿಂದ ಎಣಿಸಿ, ಆರೂ ಇವೆ ಎಂದು ಖಾತ್ರಿ ಮಾಡಿಕೊಂಡು, ಟೀಚರ ಕಾಲು ಮುಟ್ಟಲು ಬಗ್ಗಿದಳು. ಟೀಚರ್ ಅವಳನ್ನು ಅರ್ಧದಲ್ಲೇ ಹಿಡಿದು ಅಪ್ಪಿಕೊಂಡರು.

ಮೇ ಇಪ್ಪತ್ತರ ಮಧ್ಯಾಹ್ನ ಶ್ರೀಲಕ್ಷ್ಮಿಯ ಫೋನು ಬಂತು. ಏಳು ಹುಡುಗಿಯರೂ ಕಣಿವೆದಾರಿ ದಾಟಿ ಕೆಳಗಿನ ಹಳ್ಳಿಗೆ ಇಳಿದಿದ್ದರು. ಎಲ್ಲರಿಗಿಂತ ಮೊದಲು ಮೇಲೆ ತಲುಪಿದವಳು ಶಾಹಿದಾ.

"ಇನ್ನೊಂದು ಕೇಳಿ ಟೀಚರ್. ಇಲ್ಲಿ ನಾವು ಉಳಿದ ಮನೆಯ ಅಜ್ಜಿ ಜೀವಮಾನವಿಡೀ ಉಣ್ಣೆ ಹೆಣೆದವರು. ಶಾಹಿದಾಳ ತಲೆಯಿಂದ ಟೊಪ್ಪಿ ತೆಗೆದು ಬಿಸಿಲಿಗೆ ಹಿಡಿದು ಎಷ್ಟು ಹೊತ್ತು ನೋಡಿದ್ರು ಗೊತ್ತುಂಟಾ? ಅವರ ಕಡೆಯ ಚಿತ್ತಾರ ಎಲ್ಲ ಗೊತ್ತಂತೆ, ಈ ಅಲೆ ಯಾವ ಕಣಿವೆಯದ್ದು ಅಂತ ಗೊತ್ತಾಗ್ಲಿಲ್ಲವಂತೆ. ಶಾಹಿದಾ ತನಗೆ ಬರುವ ಹಿಂದಿಯಲ್ಲಿ ಗೋಡೆಯ ಕತೆ ಪೂರ್ತಿ ಹೇಳಿದ್ಲು. ಈಗ ಅಜ್ಜಿಗೆ ಅದರ ನಕ್ಷೆ ಬೇಕಂತೆ, ಹೆಣೀಲಿಕ್ಕೆ. ಕೊಡುವುದಾ?"

ಹಿಮದ ಊರಿನ ಹೆಂಗಸು ಸೆಕೆಯ ಊರಿನವಳ ಬಳಿ ಉಣ್ಣೆಯ ಚಿತ್ತಾರ ಕೇಳುತ್ತಿದ್ದಳು.

"ವಿಳಾಸ ಕಳಿಸು" ಎಂದರು ಟೀಚರ್.

ಮರುದಿನ ಹೊಸ ಚೌಕುಳಿ ಹಾಳೆಯಲ್ಲಿ ನಕ್ಷೆಯನ್ನು ಒಂದು ಚೌಕವೂ ತಪ್ಪದಂತೆ ತಿದ್ದಿ ಬರೆದರು. ಇಸ್ತ್ರಿ ಸೀರೆ ಉಟ್ಟು ಮೂಡುಬಿದಿರೆಯ ಅಂಚೆ ಕಚೇರಿಗೆ ಹೋದರು. ಕೌಂಟರಿನ ಹುಡುಗಿ ಲಕೋಟೆ ತಿರುಗಿಸಿ, "ಎಂತ ಮೇಡಂ ಇದು, ದಾಖಲೆ ಪತ್ರವಾ?" ಎಂದು ಕೇಳಿದಳು.

"ಅಲ್ಲ. ಟೊಪ್ಪಿಯ ಚಿತ್ತಾರ" ಎಂದರು ಪ್ರಭಾವತಿ ಟೀಚರ್. ಸರದಿಯಲ್ಲಿ ಹಿಂದೆ ನಿಂತವರಿಗೂ ಕೇಳುವಷ್ಟು ಗಟ್ಟಿಯಾಗಿ ಇನ್ನೊಂದು ಮಾತು ಸೇರಿಸಿದರು: "ನಾನೇ ಮಾಡಿದ್ದು. ಹಿಮಾಚಲದವರು ಕೇಳಿದ್ದಾರೆ."