ಭೋಜಣ್ಣನ ಡಿಸ್ಕಿನ ನಕಲು

ಭೋಜಣ್ಣ ಗಂಗೊಳ್ಳಿಯಲ್ಲಿ ಒಂದು ಬೋಟಿನ ಯಜಮಾನರು. ಬೋಟಿನ ಹಳೆಯ ಜಿಪಿಎಸ್ ಕೆಟ್ಟು ಹೊಸದು ಹಾಕಿಸಿದ್ದರು. ಸಮುದ್ರದಡಿಯ ಬಂಡೆಗಳ ಗುರುತು ಉಳಿದಿದ್ದದ್ದು ಮನೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ. ಹದಿನೆಂಟು ವರ್ಷ ಬಲೆ ಹರಿದುಕೊಂಡು ಕಂಡುಕೊಂಡ ನಾನೂರು ಚಿಲ್ಲರೆ ಜಾಗಗಳು. ಆ ಲ್ಯಾಪ್‌ಟಾಪಿನ ಡಿಸ್ಕು ಟಿಕ್ ಟಿಕ್ ಎನ್ನತೊಡಗಿದಾಗ ಕುಂದಾಪುರದ ನನ್ನ ರಿಪೇರಿ ಅಂಗಡಿಗೆ ತಂದರು.

ಸಾಯುತ್ತಿರುವ ಡಿಸ್ಕಿನಲ್ಲಿ ಫೈಲು ಹುಡುಕುತ್ತ ಕೂರಬಾರದು. ಮೊದಲು ಇಡೀ ಡಿಸ್ಕನ್ನು, ಖಾಲಿ ಜಾಗವನ್ನೂ ಸೇರಿಸಿ, ಇದ್ದ ಹಾಗೇ ಒಂದು ಫೈಲಾಗಿ ಅಂಗಡಿಯ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಬೇಕು. ಅದಕ್ಕೆ ಇಮೇಜ್ ಎನ್ನುತ್ತೇವೆ. ಮೂರು ದಿನ ಹಿಡಿಯಿತು. ಇಮೇಜ್ ಮುಗಿದ ಮೇಲೆ ಡಿಸ್ಕು ಮತ್ತೆ ತಿರುಗಲಿಲ್ಲ.

ಗುರುತುಗಳ ಫೋಲ್ಡರನ್ನು ಜಿಪ್ ಮಾಡಿ ಭೋಜಣ್ಣನ ಪೆನ್‌ಡ್ರೈವಿಗೆ ಹಾಕುತ್ತಿದ್ದೆ. ಅಷ್ಟರಲ್ಲಿ ಇನ್ನೊಂದು ಬೋಟಿನ ಯಜಮಾನ ಮನೀಷ್ ಕೆಟ್ಟ ಪ್ರಿಂಟರ್ ಹಿಡಿದುಕೊಂಡು ಒಳಗೆ ಬಂದ.

“ಹ್ವಾಯ್ ಭೋಜಣ್ಣ, ಎಂತ, ಬೋಟ್ ಬಿಟ್ ಕಂಪ್ಯೂಟರ್ ಕಲಿತ್ರ್ಯಾ?”

“ಹೌದ್ ಮಾರಾಯ, ನಿನ್ ಮದಿ ಕಾಗ್ದ ಮಾಡ್ಸ್ತಿದ್ದೆ. ಹೆಣ್ ಸಿಕ್ತಾ?”

ಹಾಗೆನ್ನುತ್ತಲೇ ಭೋಜಣ್ಣ ಪರದೆಗೆ ಅಡ್ಡ ನಿಂತು, ಪೆನ್‌ಡ್ರೈವ್ ಕಿತ್ತು ಅಂಗಿ ಜೇಬಿಗೆ ಹಾಕಿಕೊಂಡರು.

“ಸಾಕ್ ಸುಗುಣಾ. ಎಲ್ಲ ಅಳ್ಸ್.”

“ಒಂದ್ಸಲ ತೆರ್ದ್ ಕಾಣ್ಕ್ ಭೋಜಣ್ಣ. ಹತ್ತೇ ನಿಮಿಷ.”

“ನಿನ್ ಮೇಲೆ ನಂಬ್ಕಿ ಇತ್ತ್. ಇವ್ನ್ ಮೇಲೆ ಇಲ್ಲೆ.”

ಬಂಡೆಗಳ ಸುತ್ತ ಮೀನು ಸೇರುವುದರಿಂದ ಒಂದು ಬೋಟಿನ ಗುರುತು ಇನ್ನೊಂದು ಬೋಟಿಗೆ ಗೊತ್ತಾಗಬಾರದು. ಆದ್ದರಿಂದ ಯಜಮಾನರ ಕಣ್ಣೆದುರೇ ನಕಲನ್ನು ಅಳಿಸುವುದು ನನ್ನ ಅಂಗಡಿಯ ರೂಢಿ. ಹನ್ನೊಂದು ವರ್ಷಗಳಿಂದ ಬೋಟಿನವರೆಲ್ಲ ನನ್ನಲ್ಲಿಗೆ ಬರುತ್ತಿರುವುದೂ ಅದಕ್ಕೇ. ಮೂರು ದಿನದ ದಣಿವಿತ್ತು, ವಾದ ಬೇಡವೆನಿಸಿತು. ಅಳಿಸಿದೆ.

ಮರುದಿನ ಬೆಳಿಗ್ಗೆ ಫೋನ್ ಬಂತು.

“ಇದ್ ಓಪನ್ ಆತಿಲ್ಲೆ ಸುಗುಣಾ. ಫೈಲ್ ಹಾಳಾಯ್ತ್ ಅಂತ್ ತೋರ್ಸ್ತ್. ನಾಡ್ದ್ ಬೋಟ್ ಹೋಪ್ದ್.”

ಬರೆದು ಮುಗಿಯುವ ಮೊದಲೇ ಪೆನ್‌ಡ್ರೈವ್ ಕಿತ್ತಿದ್ದರು. ಜಿಪ್ ಫೈಲಿನ ಕೊನೆಯೇ ಬಂದಿಲ್ಲ. ಅದು ನಿನ್ನೆಯೇ ನನಗೆ ಹೊಳೆಯಬೇಕಿತ್ತು.

ಅಳಿಸಿದಾಗ ಹೋಗುವುದು ಫೈಲಿನ ಹೆಸರು ಮಾತ್ರ. ಅದರ ಮೇಲೆ ಬೇರೇನಾದರೂ ಬರೆಯುವವರೆಗೆ ಒಳಗಿನದು ಹಾಗೇ ಇರುತ್ತದೆ. ಇದು ನನಗೆ ಮೊದಲಿನಿಂದ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಈಗಲೂ ಸತ್ತ ಡಿಸ್ಕಿನ ಮೇಲೆ ತಪ್ಪು ಹೊರಿಸಿ ಸುಮ್ಮನಿರಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ.

“ಭೋಜಣ್ಣ, ನಾ ಅಳ್ಸಿದ್ದ್ ಪೂರ್ತಿ ಅಳ್ಸಿ ಹೋಯ್ಲಿಲ್ಲೆ. ವಾಪಸ್ ತೆಗುಕಾತ್ತ್.”



“ಹಾಂಗಾರೆ ಎಲ್ಲರದ್ದೂ ಇತ್ತಾ ನಿನ್ ಹತ್ರ?”

“ಇಪ್ಪುಕೂ ಸಾಕ್,” ಇರಬಹುದೆಂದು ಒಪ್ಪಿಕೊಂಡೆ.

“ಬತ್ತೆ,” ಎಂದರು.

ಅವರು ಬರುವವರೆಗೆ ನಾನು ಅಂಗಡಿಯ ಆ ಕಂಪ್ಯೂಟರನ್ನು ಮುಟ್ಟಲಿಲ್ಲ. ಬಂದ ಮೇಲೆ ಇಮೇಜನ್ನು ವಾಪಸ್ ತೆಗೆದೆ, ಅದರೊಳಗಿನ ಫೋಲ್ಡರನ್ನು ಎರಡು ಪೆನ್‌ಡ್ರೈವಿಗೆ ಹಾಕಿದೆ, ಎರಡನ್ನೂ ತೆರೆದು ತೋರಿಸಿದೆ. ಗುರುತುಗಳೆಲ್ಲ ಇದ್ದವು. ಭೋಜಣ್ಣ ನಗಲಿಲ್ಲ.

“ಇನ್ ನಿಜ್ವಾಗಿ ಅಳ್ಸುಕೆ ಎಷ್ಟ್ ಹೊತ್ತ್ ಬೇಕ್?”

“ನನ್ ಕಂಪ್ಯೂಟರಿನ್ ಇಡೀ ಡಿಸ್ಕಿನ್ ಮೇಲೆ ಸೊನ್ನೆ ಬರೀಕ್. ಸಂಜಿ ಆತ್ತ್.”

ಅವರು ಕುರ್ಚಿ ಎಳೆದುಕೊಂಡು ಪರದೆಯ ಎದುರು ಕೂತರು. ಚಾ ತರಿಸಲೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದರು, ನನ್ನ ಕಡೆ ನೋಡದೆ.