ನಡುಗೋಡೆ

“ಒಡೆಯೋ ಮುಂಚೆ ಆ ಕಡೆ ಇರೋ ಪಾತ್ರೆಪಗಡ ತೆಗೀಬೇಕು ಅಂತ ಅವರಿಗೆ ಹೇಳಿ ಮೇಸ್ತ್ರಿ,” ಎಂದಳು ದೊಡ್ಡ ಸೊಸೆ.

ಗೋಡೆಯಾಚೆಯಿಂದ ಚಿಕ್ಕ ಸೊಸೆಯ ದನಿ ಬಂತು. “ತೆಗೆದು ಅರ್ಧ ಗಂಟೆ ಆಯ್ತು ಅಂತ ಹೇಳಿ ಮೇಸ್ತ್ರಿ.”

ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟ. “ನಾನು ಗೋಡೆ ಒಡೆಯೋಕೆ ಬಂದಿರೋದಾ, ಟಪಾಲು ಹಂಚೋಕಾ?”

ಅಣ್ಣತಮ್ಮಂದಿರು ಜಗಳವಾಡಿ ಮನೆಯ ನಟ್ಟನಡುವೆ ಈ ಗೋಡೆ ಎಬ್ಬಿಸಿ ಒಂಬತ್ತು ವರ್ಷವಾಗಿತ್ತು. ಬೀದಿ ಕಡೆಯ ಅರ್ಧ ಅಣ್ಣನಿಗೆ, ಅಡುಗೆಮನೆಯಿದ್ದ ಹಿಂದಿನ ಅರ್ಧ ತಮ್ಮನಿಗೆ. ಅಂದಿನಿಂದ ದೊಡ್ಡವಳು ಹಾಲ್‌ನ ಮೂಲೆಯಲ್ಲಿ ಸ್ಟೌ ಇಟ್ಟುಕೊಂಡು ಬೇಯಿಸುತ್ತಿದ್ದಳು. ಚಿಕ್ಕವಳು ಪಕ್ಕದ ಸಂದಿಯಲ್ಲಿ ಮೈ ಓರೆ ಮಾಡಿಕೊಂಡು ನುಸುಳಿ ಹಿಂಬಾಗಿಲಿನಿಂದ ಒಳಗೆ ಹೋಗುತ್ತಿದ್ದಳು. ಮಾರಿ ಬೇರೆ ಬೇರೆ ಹೊಸ ಮನೆ ಕೊಳ್ಳಲು ಹೊರಟರೆ ಅರ್ಧರ್ಧ ಮನೆಯನ್ನು ಯಾರೂ ಕಣ್ಣೆತ್ತಿಯೂ ನೋಡಲಿಲ್ಲ. ಗೋಡೆ ಬೀಳಿಸಿದರೆ ಈ ದಿನ ನಾಲ್ಕು ಗಂಟೆಗೆ ಕೊಳ್ಳುವವರೊಬ್ಬರನ್ನು ಕರೆತರುವುದಾಗಿ ದಲ್ಲಾಳಿ ಹೇಳಿದ್ದ. ಗಂಡಂದಿರು ತಲೆಯಾಡಿಸಿ, ಮಿಕ್ಕಿದ್ದನ್ನೆಲ್ಲ ಹೆಂಡಿರ ತಲೆಗೆ ಕಟ್ಟಿ, ಕೆಲಸಕ್ಕೆ ಹೋಗಿದ್ದರು.

ಹತ್ತು ಏಟಿಗೆ ಮೊದಲ ಇಟ್ಟಿಗೆ ಉದುರಿತು. ಇನ್ನಷ್ಟು ಏಟಿಗೆ ಕಿಟಕಿಯಷ್ಟಗಲ ಕಂಡಿಯಾಯಿತು. ಅಷ್ಟರಲ್ಲಿ ಸುತ್ತಿಗೆಯ ಹಿಡಿ ಲಟಕ್ಕೆಂದು ಮುರಿಯಿತು. ಬೇರೆಯದನ್ನು ತರಲು ಮೇಸ್ತ್ರಿ ಓಡಿದ. ಗಡಿಯಾರ ಎರಡು ತೋರಿಸುತ್ತಿತ್ತು.

ಕಂಡಿಯ ಆಚೆ ಒಂದು ಮುಖ, ಈಚೆ ಒಂದು ಮುಖ. ಮಾತು ದಾಟಿಸಲು ನಡುವೆ ಯಾರೂ ಇರಲಿಲ್ಲ.

“ಅವನು ಬರೋ ಹೊತ್ತಿಗೆ ಮೂರಾಗುತ್ತೆ,” ಎಂದಳು ಚಿಕ್ಕವಳು, ಯಾರಿಗೋ ಎಂಬಂತೆ.

“ಹಾರೆ ಇದೆಯಾ?”

“ಇದೆ ಅಕ್ಕಾ.”

ಅಕ್ಕಾ ಎಂದು ಬಾಯಿತಪ್ಪಿ ಬಂದದ್ದಕ್ಕೆ ಇಬ್ಬರೂ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ದೊಡ್ಡವಳು ಸೆರಗನ್ನು ಸೊಂಟಕ್ಕೆ ಬಿಗಿದಳು. ಚಿಕ್ಕವಳು ಹಾರೆ ಹಾಕಿ ಮೀಟಿದಳು, ದೊಡ್ಡವಳು ಸಡಿಲವಾದ ಇಟ್ಟಿಗೆಗಳನ್ನು ಎಳೆದೆಳೆದು ಬದಿಗೆ ಎಸೆದಳು.

“ಹುಷಾರು, ಕಾಲ್ಮೇಲೆ ಬೀಳುತ್ತೆ!”

“ಬೀಳಲಿ ಬಿಡೆ, ಮೀಟು ನೀನು!”

“ಹೊಸ ಮನೆ ನೋಡಿದ್ರಾ ಅಕ್ಕಾ?”

“ನೋಡಿದೀನಿ. ಅಡುಗೆಮನೇಲಿ ಕೈ ಚಾಚಿ ಸುತ್ತು ತಿರುಗಬಹುದು ಕಣೆ. ಒಬ್ಬಳೇ ಇದ್ದಾಗ ಒಂದು ಸುತ್ತು ತಿರುಗಿಯೂ ಬಿಟ್ಟೆ.”

ಚಿಕ್ಕವಳು ಕಿಸಕ್ಕನೆ ನಕ್ಕಳು. “ನಂದಕ್ಕೆ ಬೀದಿಗೇ ಬಾಗಿಲು. ನಾನು ಹತ್ತು ಸಲ ಒಳಗೆ ಹೋಗಿ ಹೊರಗೆ ಬಂದೆ. ತೋರಿಸೋಕೆ ಬಂದಿದ್ದೋನು ತಲೆ ಕೆಟ್ಟಿದೆ ಅಂದ್ಕೊಂಡಿರ್ಬೇಕು.”

ನಗು ತಡೆಯಲಾಗದೆ ದೊಡ್ಡವಳ ಕೈಯಲ್ಲಿದ್ದ ಇಟ್ಟಿಗೆ ಜಾರಿತು. ಅದರ ಬೆನ್ನಿಗೇ ಮೇಲಿನ ಭಾಗವಿಡೀ ವಾಲಿ ದಡದಡ ಕುಸಿಯಿತು. ಇಬ್ಬರೂ ಚೀರಿ ಹಿಂದಕ್ಕೆ ಹಾರಿದರು. ಧೂಳು ತಿಳಿಯಾದಾಗ ಬೀದಿಯ ಬಿಸಿಲು ಅಡುಗೆಮನೆಯ ಗೋಡೆಯವರೆಗೂ ನೆಟ್ಟಗೆ ಹರಿದಿತ್ತು. ಮೇಸ್ತ್ರಿ ಬಂದವನು ಬಾಯಿ ಬಿಟ್ಟು ನಿಂತ. ಮಿಕ್ಕಿದ್ದನ್ನು ಮೂವರೂ ಸೇರಿ ಕೆಡವಿ, ರಾಶಿಯನ್ನು ಹಿಂದಕ್ಕೆ ಸಾಗಿಸಿ, ನೆಲ ಗುಡಿಸಿ ಮುಗಿಸುವಷ್ಟರಲ್ಲಿ ಬಾಗಿಲ ಬಳಿ ದಲ್ಲಾಳಿಯ ಕೆಮ್ಮು ಕೇಳಿಸಿತು.

ಬಂದವರು ಸಂಗೀತದ ಟೀಚರ್. ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿದ್ದ ಇಬ್ಬರನ್ನು ನೋಡಿ ಬೆಚ್ಚಿದರೂ, ತೋರಿಸಿಕೊಳ್ಳದೆ ನೇರ ಒಳಗೆ ನಡೆದರು. ಒಂದು ತುದಿಯಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಅದು ಮಾರ್ದನಿಸುವುದನ್ನು ಕಿವಿಗೊಟ್ಟು ಕೇಳಿದರು. ದೊಡ್ಡವಳು ತನಗೇ ಗೊತ್ತಿಲ್ಲದೆ ಚಿಕ್ಕವಳ ಮುಂಗೈ ಹಿಡಿದುಕೊಂಡಿದ್ದಳು.

“ನಲವತ್ತು ಮಕ್ಕಳನ್ನ ಕೂರಿಸಬಹುದು,” ಎಂದರು ಟೀಚರ್. “ನನಗೆ ಒಪ್ಪಿಗೆ. ಯಾವಾಗ ಬಿಟ್ಟುಕೊಡ್ತೀರಾ?”

“ಒಂದು ತಿಂಗಳಲ್ಲಿ,” ಎಂದಳು ದೊಡ್ಡವಳು.

“ಎರಡು ತಿಂಗಳಾದ್ರೂ ಬೇಕು,” ಎಂದಳು ಚಿಕ್ಕವಳು.

ದೊಡ್ಡವಳು ಅವಳ ಮುಖ ನೋಡಿದಳು. “ಹೌದು,” ಎಂದಳು, “ಎರಡು ತಿಂಗಳು.”

ಎಲ್ಲರೂ ಹೋದ ಮೇಲೆ ಹಿತ್ತಿಲ ನಲ್ಲಿಯ ಬಳಿ ದೊಡ್ಡವಳು ತಲೆ ಬಗ್ಗಿಸಿ ಕೂತಳು. ಚಿಕ್ಕವಳು ಚೊಂಬಿನಿಂದ ನೀರು ಹೊಯ್ದು, ಕೂದಲಲ್ಲಿ ಬೆರಳಾಡಿಸಿ ಧೂಳು ಬಿಡಿಸತೊಡಗಿದಳು. ಸುಣ್ಣದ ನೀರು ಹರಿದು ಹರಿದು ತಿಳಿಯಾಯಿತು.

“ಕಿವಿ ಹತ್ರ ಇನ್ನೂ ಬೆಳ್ಳಗಿದೆ ಅಕ್ಕಾ.”

“ಅದು ಧೂಳಲ್ಲ, ಹೋಗಲ್ಲ ಕಣೆ.”

ಚಿಕ್ಕವಳ ಬೆರಳು ಅಲ್ಲೇ ನಿಂತಿತು. ಆಮೇಲೆ ಅವಳು ಇನ್ನೊಂದು ಚೊಂಬು ನೀರು ತುಂಬಿ, ಮೆಲ್ಲಗೆ, ಅಲ್ಲಿಗೇ ಹೊಯ್ದಳು.